ಒಳಕೋಣೆಯ ಮಗುವನ್ನು ಓಡಿಸಬೇಕೇ?

ಪ್ರಶ್ನೆ: ನಾವು ತುಮಕೂರಿನವರು. ಪತಿಯ ಕೆಲಸದ ನಿಮಿತ್ತ ಕಳೆದ ಏಪ್ರಿಲ್‌ನಿಂದ ಜಪಾನಿನ ಇವಾತೆ ಪ್ರಾಂತ್ಯದ ಮೊರಿಯೋಕಾ ನಗರದಲ್ಲಿದ್ದೇವೆ. ಊರಿನ ಅಂಚಿನಲ್ಲಿ ಹಳೆಯ ಮರದ ಮನೆ ಸಿಕ್ಕಿತು, ಬಾಡಿಗೆ ನಂಬಲಾಗದಷ್ಟು ಕಡಿಮೆ. ಏಳು ವರ್ಷದ ಮಗಳು ಒಂದನೆಯ ತರಗತಿಯಲ್ಲಿದ್ದಾಳೆ. ಎರಡು ತಿಂಗಳಿಂದ ಅವಳು ಹಿಂಬದಿಯ ತತಾಮಿ ಚಾಪೆಯ ಕೋಣೆಯಲ್ಲಿ ಯಾರೊಂದಿಗೋ ಮಾತನಾಡುತ್ತ ಆಡುತ್ತಾಳೆ. ಕೇಳಿದರೆ “ಕೆಂಪು ಬಟ್ಟೆಯ ಹುಡುಗಿ” ಎನ್ನುತ್ತಾಳೆ. ಪಕ್ಕದ ಮನೆಯ ಅಜ್ಜಿ ಇದನ್ನು ಕೇಳಿ ಸಂತೋಷಪಟ್ಟರು. “ಅದು ಜಾಶಿಕಿ ವರಾಶಿ, ನಿಮ್ಮ ಪುಣ್ಯ, ಓಡಿಸಬೇಡಿ” ಎಂದರು. ಫೋನಿನಲ್ಲಿ ವಿಷಯ ತಿಳಿದ ಅತ್ತೆಯವರು ಮಾತ್ರ ಅನ್ನ ನೀರು ಬಿಟ್ಟಿದ್ದಾರೆ. ಮನೆ ಖಾಲಿ ಮಾಡಿ, ಇಲ್ಲವೇ ಹೋಮ ಮಾಡಿಸಿ ಎನ್ನುತ್ತಿದ್ದಾರೆ. ರಾತ್ರಿ ಛಾವಣಿಯಿಂದ ಟಕ್ ಟಕ್ ಸದ್ದು ಬರುತ್ತದೆ. ಕಳೆದ ವಾರ ನಡುರಾತ್ರಿ ನನಗೆ ಎಚ್ಚರವಾದಾಗ ಕೈಕಾಲು ಅಲುಗಿಸಲಾಗಲಿಲ್ಲ, ಎದೆಯ ಮೇಲೆ ಯಾರೋ ಕುಳಿತಂತಿತ್ತು. ಬಾಡಿಗೆ ಕಡಿಮೆಯಿರುವುದು ಇದಕ್ಕೇ ಇರಬಹುದೇ? ಪತಿ ಎಲ್ಲದಕ್ಕೂ ನಗುತ್ತಾರೆ. ಇನ್ನೊಂದು ವಿಷಯ: ಶಾಲೆಯ ಶೌಚಾಲಯದಲ್ಲಿ “ಹನಾಕೋ-ಸಾನ್” ಇದ್ದಾಳೆಂದು ಮಗಳು ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದಾಳೆ. ಹೋಗಬೇಕಾದೀತೆಂದು ಬೆಳಗಿನಿಂದ ನೀರನ್ನೂ ಕುಡಿಯುವುದಿಲ್ಲ. ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜಪಾನಿನ ಜಾನಪದವನ್ನು ಓದುತ್ತ, ಕಲಿಸುತ್ತ, ಅದಕ್ಕಾಗಿಯೇ ಇವಾತೆಯ ಹಳ್ಳಿಗಳಲ್ಲಿ ದಿನಗಟ್ಟಲೆ ಉಳಿದು ಬಂದವಳು ನಾನು. ನನಗೆ ಕಳವಳವಾದದ್ದು ಒಳಕೋಣೆಯ ಹುಡುಗಿಯಿಂದಲ್ಲ. ನೀವು ಕೊನೆಗೆ “ಇನ್ನೊಂದು ವಿಷಯ” ಎಂದು ಸೇರಿಸಿದ ಸಾಲಿನಿಂದ. ಏಳು ವರ್ಷದ ಮಗು ಬೆಳಗಿನಿಂದ ಮಧ್ಯಾಹ್ನದವರೆಗೆ ಮೂತ್ರ ಕಟ್ಟಿಕೊಂಡು, ನೀರು ಬಿಟ್ಟು ಕೂರುವುದು ನಿಜವಾದ ಅಪಾಯ. ಮೂತ್ರನಾಳದ ಸೋಂಕು, ಮಲಬದ್ಧತೆ ಎರಡೂ ಹೀಗೆಯೇ ಶುರುವಾಗುತ್ತವೆ. ಉಳಿದದ್ದೆಲ್ಲ ಒಂದು ವಾರ ಕಾಯಬಹುದು, ಇದು ಕಾಯುವುದಿಲ್ಲ. ಆದ್ದರಿಂದ ಇದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಹನಾಕೋ-ಸಾನ್ ಕತೆ ಜಪಾನಿನ ಎಲ್ಲ ಶಾಲಾಮಕ್ಕಳಿಗೂ ಗೊತ್ತು. ಸಾಮಾನ್ಯವಾಗಿ ಮೂರನೆಯ ಮಹಡಿ, ಹುಡುಗಿಯರ ಶೌಚಾಲಯ, ಮೂರನೆಯ ಬಾಗಿಲು. ಮೂರು ಸಲ ತಟ್ಟಿ “ಹನಾಕೋ-ಸಾನ್, ಇದ್ದೀಯಾ?” ಎಂದರೆ ಒಳಗಿನಿಂದ ಸಣ್ಣ ದನಿಯಲ್ಲಿ “ಹೂಂ” ಎಂಬ ಉತ್ತರ ಬರುತ್ತದೆ. ಕೆಂಪು ಲಂಗ, ಕತ್ತಿನವರೆಗೆ ಕತ್ತರಿಸಿದ ಕೂದಲು. ನಮ್ಮಲ್ಲಿ ಲೆಕ್ಕದ ಪುಸ್ತಕದಲ್ಲಿ ರಾಮ, ಸೀತೆ ಬರುವಂತೆ ಅಲ್ಲಿ ಅರ್ಜಿ ತುಂಬುವ ಮಾದರಿಯಲ್ಲಿ ತಾರೋ, ಹನಾಕೋ ಎಂದಿರುತ್ತದೆ. ಅಂದರೆ ಆ ಹೆಸರು ಯಾವುದೇ ಒಬ್ಬ ಸತ್ತ ಹುಡುಗಿಯದಲ್ಲ, “ಯಾರೋ ಒಬ್ಬ ಹುಡುಗಿ” ಎನ್ನುವುದಕ್ಕೆ ಇಟ್ಟ ಹೆಸರು. ಕತೆ ದೇಶವಿಡೀ ಹಬ್ಬಿದ್ದು 1980ರ ದಶಕದಲ್ಲಿ. ಆದರೆ ಎರಡನೆಯ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ “ಮೂರನೆಯ ಹನಾಕೋ” ಎಂಬ ಮಾತು ನೀವಿರುವ ಇವಾತೆಯ ಶಾಲೆಯೊಂದರಲ್ಲೇ ಇತ್ತೆಂದು ದಾಖಲಾಗಿದೆ.

ಏಕೆ ಶೌಚಾಲಯವೇ? ಜಪಾನಿನ ಹಳೆಯ ಶಾಲೆಗಳ ಶೌಚಾಲಯಗಳ ಬಗ್ಗೆ ಅಲ್ಲಿನವರೇ ಬಳಸುವ ಒಂದು ಮಾತಿದೆ, “ಐದು ಕೆ”: ನಾತ, ಕೊಳಕು, ಕತ್ತಲೆ, ಭಯ, ಮುರುಕು. ಈ ಐದೂ ಜಪಾನಿ ಪದಗಳು “ಕ” ಕಾರದಿಂದ ಶುರುವಾಗುತ್ತವೆ. ಪಡಸಾಲೆಯ ಕೊನೆಯಲ್ಲಿ, ಉತ್ತರದ ಗೋಡೆಗೆ ಅಂಟಿಕೊಂಡು, ಚಳಿಗಾಲದಲ್ಲಿ ಕೊರೆಯುವ ಜಾಗ. ಇಡೀ ಶಾಲೆಯಲ್ಲಿ ಮಗು ಒಂಟಿಯಾಗುವುದು ಅದೊಂದೇ ಕಡೆ. ಅಲ್ಲಿ ಹನಾಕೋ ಹುಟ್ಟದಿದ್ದರೆ ಇನ್ನೆಲ್ಲಿ ಹುಟ್ಟಬೇಕು? ಮೇಲಾಗಿ ನಿಮ್ಮ ಮಗಳು ಅಲ್ಲಿಗೆ ಹೊಸಬಳು. ಜೊತೆಯ ಮಕ್ಕಳು ಈ ಕತೆಯನ್ನು ಅರ್ಧ ಆಟವಾಗಿ ಕೇಳಿ ಬೆಳೆದವರು, ಅವರಿಗೆ ಅದರ ರುಚಿ ಗೊತ್ತು. ಅರೆಬರೆ ತಿಳಿಯುವ ಭಾಷೆಯಲ್ಲಿ ಅದನ್ನು ಕೇಳಿದ ನಿಮ್ಮ ಮಗಳಿಗೆ ಬರಿಯ ಭಯ ದಾಟಿತು, ಆಟ ದಾಟಲಿಲ್ಲ.

“ಅಂಥದ್ದೇನೂ ಇಲ್ಲ, ಸುಮ್ಮನೆ ಹೋಗು” ಎಂದರೆ ಕೆಲಸವಾಗುವುದಿಲ್ಲ. ಶಾಲೆ ನಿಮಗೊಂದು ಸಂಪರ್ಕ ಪುಸ್ತಕ ಕೊಟ್ಟಿರುತ್ತದೆ, ರೆನ್ರಾಕುಚೋ. ಅದರಲ್ಲಿ ನಾಳೆ ಬೆಳಿಗ್ಗೆಯೇ ಹೀಗೆ ಬರೆಯಿರಿ: “ಹನಾಕೋ-ಸಾನ್ ನೋ ಹನಾಶಿ ಗಾ ಕೊವಾಕುತೆ, ಗಕ್ಕೋ ನೋ ತೊಇರೆ ನಿ ಇಕೆಮಾಸೆನ್.” ಹನಾಕೋ ಕತೆಗೆ ಹೆದರಿ ಶಾಲೆಯ ಶೌಚಾಲಯಕ್ಕೆ ಹೋಗಲಾಗುತ್ತಿಲ್ಲ ಎಂದರ್ಥ. ಒಂದನೆಯ ತರಗತಿಯ ಶಿಕ್ಷಕರಿಗೆ ಇದು ಹೊಸ ದೂರಲ್ಲ, ಅವರು ನಗುವುದಿಲ್ಲ. ಶಾಲೆಯ ಆರೋಗ್ಯ ಕೊಠಡಿಯ ಹತ್ತಿರದ ಶೌಚಾಲಯ ಬಳಸಲು ಬಿಡಿ, ಅಥವಾ ಬಿಡುವಿನಲ್ಲಿ ಇನ್ನೊಬ್ಬ ಹುಡುಗಿಯನ್ನು ಜೊತೆ ಮಾಡಿ ಎಂದು ಕೇಳಿಕೊಳ್ಳಿ. ಜ್ವರ, ಉರಿಮೂತ್ರ ಕಂಡರೆ ಮಕ್ಕಳ ವೈದ್ಯರಲ್ಲಿಗೆ ಹೋಗಿ, ಆ ದಿನವೇ.

ಇನ್ನು ನಿಮ್ಮ ಮನೆಯ ವಿಷಯ.

ಅತ್ತೆಯವರೊಂದಿಗೆ ಮಾತನಾಡುವಾಗ ನೀವು ಬಳಸಿದ ಪದ ಯಾವುದೆಂದು ಊಹಿಸಬಲ್ಲೆ: ದೆವ್ವ. ಬೇರೆ ಪದ ತಕ್ಷಣ ಯಾರ ಬಾಯಿಗೂ ಬರುವುದಿಲ್ಲ. ಆದರೆ ಅರ್ಧ ಗೊಂದಲ ಆ ಪದದಿಂದಲೇ ಹುಟ್ಟಿದೆ. ಸತ್ತವರು ತೀರದ ಆಸೆಯಿಂದಲೋ ಸೇಡಿನಿಂದಲೋ ಮರಳಿ ಬರುವುದಕ್ಕೆ ಜಪಾನಿಯಲ್ಲಿ ಯೂರೇ ಎನ್ನುತ್ತಾರೆ. ಬಿಳಿಯ ನಿಲುವಂಗಿ, ಹರಡಿದ ಕೂದಲು, ಪಾದಗಳಿಲ್ಲದ ದೇಹ. ನಮ್ಮ ದೆವ್ವಕ್ಕೆ ಹತ್ತಿರದ್ದು ಅದು. ಯೋಕಾಯ್ ಬೇರೆ. ಹೊಳೆಯಲ್ಲಿ ನೀರು ತುಂಬಿದ ತಟ್ಟೆಯನ್ನು ತಲೆಯ ಮೇಲೆ ಹೊತ್ತ ಕಪ್ಪಾ, ಬೆಟ್ಟದಲ್ಲಿ “ತೆಂಗು” ಎಂದು ಕರೆಯುವ ಉದ್ದ ಮೂಗಿನ ಜೀವಿ, ನೂರು ವರ್ಷ ತುಂಬಿ ಜೀವ ಬಂದ ಹಳೆಯ ಪಾತ್ರೆ, ಕೊಡೆ, ಚಪ್ಪಲಿ, ಇವೆಲ್ಲ ಯೋಕಾಯ್. ಜಪಾನಿನ ಜಾನಪದ ಅಧ್ಯಯನಕ್ಕೆ ಅಡಿಪಾಯ ಹಾಕಿದ ಯಾನಾಗಿತಾ ಕುನಿಯೋ ಇವೆರಡನ್ನೂ ಹೀಗೆ ಬೇರ್ಪಡಿಸಿದ್ದರು: ಯೂರೇ ಒಬ್ಬ ವ್ಯಕ್ತಿಯನ್ನು ಹುಡುಕಿಕೊಂಡು ಬರುತ್ತದೆ, ಎಲ್ಲಿ ಹೋದರೂ ಬಿಡುವುದಿಲ್ಲ, ಬರುವುದು ನಡುರಾತ್ರಿಯಲ್ಲಿ. ಯೋಕಾಯ್ ಒಂದು ಜಾಗಕ್ಕೆ ಸೇರಿದ್ದು, ಅಲ್ಲಿ ಹಾದುಹೋದ ಯಾರಿಗಾದರೂ ಕಾಣಬಹುದು, ಮುಸ್ಸಂಜೆ ಅದರ ಹೊತ್ತು. ಈ ಗೆರೆ ಎಲ್ಲ ಕತೆಗಳಿಗೂ ಸರಿಹೊಂದುವುದಿಲ್ಲ ಎಂದು ನಂತರದವರು ತೋರಿಸಿದರು. ಅವರಲ್ಲಿ ಕೊಮಾತ್ಸು ಕಜುಹಿಕೋ ಹೇಳಿದ ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ: ಪೂಜೆ ಪಡೆದದ್ದು ಕಮಿ, ಅಂದರೆ ದೈವ. ಪೂಜೆ ಸಿಗದೆ ಹೊರಗುಳಿದದ್ದು ಯೋಕಾಯ್. ಒಂದು ಇನ್ನೊಂದಾಗಬಹುದು.

ಕನ್ನಡದವರಿಗೆ ಇದನ್ನು ವಿವರಿಸಲು ನನಗೆ ಕಷ್ಟವಾಗಿದ್ದೇ ಇಲ್ಲ. “ಭೂತ” ಎಂಬ ಪದವನ್ನೇ ನೋಡಿ. ತುಮಕೂರಿನಲ್ಲಿ ಅದು ಹೆದರಿಕೆ. ಘಟ್ಟ ಇಳಿದು ಮಂಗಳೂರು, ಉಡುಪಿಗೆ ಹೋದರೆ ಅದೇ ಭೂತ ಮನೆಯನ್ನೂ ಗದ್ದೆಯನ್ನೂ ಕಾಯುವ ದೈವ, ಕೋಲ ಕಟ್ಟಿಸಿಕೊಂಡು ನ್ಯಾಯ ಹೇಳುತ್ತದೆ. ಪದವೊಂದೇ, ಅದರ ಜೊತೆಗಿನ ಸಂಬಂಧ ಬೇರೆ. ನಿಮ್ಮ ಪಕ್ಕದ ಮನೆಯ ಅಜ್ಜಿ ಜಾಶಿಕಿ ವರಾಶಿ ಎಂದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಕರಾವಳಿಯವರ ಭೂತ. ಅದು ಫೋನಿನಲ್ಲಿ ತುಮಕೂರಿಗೆ ತಲುಪುವಾಗ ಬಯಲುಸೀಮೆಯ ಭೂತವಾಯಿತು.

ಜಾಶಿಕಿ ಎಂದರೆ ಚಾಪೆ ಹಾಸಿದ, ಅತಿಥಿಗಳಿಗೆಂದು ಮೀಸಲಾದ ಒಳಕೋಣೆ. ವರಾಶಿ ಎಂದರೆ ಆ ಸೀಮೆಯ ಆಡುಮಾತಿನಲ್ಲಿ ಮಗು. ಇದು ಜಪಾನಿನ ಎಲ್ಲೆಡೆ ಇರುವ ನಂಬಿಕೆಯಲ್ಲ, ಮುಖ್ಯವಾಗಿ ಈಶಾನ್ಯದ್ದು, ಅದರಲ್ಲೂ ನೀವಿರುವ ಇವಾತೆಯದ್ದು. ಇದನ್ನು ಹೊರಜಗತ್ತಿಗೆ ತಿಳಿಸಿದ್ದು 1910ರಲ್ಲಿ ಯಾನಾಗಿತಾ ಪ್ರಕಟಿಸಿದ “ತೋನೋ ಮೊನೊಗತಾರಿ”. ತೋನೋ ನಿಮ್ಮಲ್ಲಿಂದ ದೂರವಲ್ಲ, ಇವಾತೆಯದ್ದೇ ಬೆಟ್ಟದ ಕಣಿವೆ. ಅಲ್ಲಿನ ಸಸಾಕಿ ಕಿಜೆನ್ ಎಂಬ ಯುವಕ ಹೇಳಿದ 119 ಪ್ರಸಂಗಗಳು ಅದರಲ್ಲಿವೆ. ಮೊದಲು ಅಚ್ಚಾದದ್ದು 350 ಪ್ರತಿ.

ಅದರ ಹದಿನೇಳನೆಯ ಪ್ರಸಂಗ ಕಿಜೆನ್ ಅವರ ಸ್ವಂತ ತಾಯಿಯದು. ಆಕೆ ಒಬ್ಬರೇ ಕೂತು ಹೊಲಿಗೆ ಹಾಕುತ್ತಿದ್ದಾರೆ. ಪಕ್ಕದ ಕೋಣೆಯಲ್ಲಿ ಕಾಗದ ಪರಪರ ಎನ್ನುತ್ತದೆ. ಅದು ಮನೆಯ ಯಜಮಾನರ ಕೋಣೆ, ಅವರು ತೋಕಿಯೋಗೆ ಹೋಗಿದ್ದಾರೆ. ಹಲಗೆಯ ಬಾಗಿಲು ಸರಿಸಿ ನೋಡಿದರೆ ಯಾರೂ ಇಲ್ಲ. ಬಂದು ಕೂತ ಸ್ವಲ್ಪ ಹೊತ್ತಿಗೆ ಮತ್ತೆ ಸದ್ದು, ಈ ಸಲ ಮಗು ಮೂಗು ಸೊರಸೊರ ಎನ್ನಿಸುವ ಸದ್ದು. “ಓಹೋ, ಇದು ಜಾಶಿಕಿ ವರಾಶಿ” ಎಂದುಕೊಂಡರು. ಅಷ್ಟೇ ಕತೆ. ಚೀರಲಿಲ್ಲ, ಓಡಲಿಲ್ಲ. ಆ ಮೂಗಿನ ಸದ್ದನ್ನು ಯಾರೂ ಸುಮ್ಮನೆ ಕಲ್ಪಿಸಲಾರರು ಎಂದು ನನಗೆ ಓದಿದಾಗಲೆಲ್ಲ ಅನ್ನಿಸುತ್ತದೆ. ಚಳಿಯ ಸೀಮೆಯ ಮಗು, ಸದಾ ನೆಗಡಿ. ಈ “ಕಮಿ” ನೆಲೆಸಿದ ಮನೆಗೆ ಸಿರಿ ಒಲಿಯುತ್ತದೆ ಎಂದು ಯಾನಾಗಿತಾ ಅಲ್ಲಿಯೇ ಬರೆಯುತ್ತಾರೆ. ದೆವ್ವ ಎನ್ನಲಿಲ್ಲ, ಕಮಿ ಎಂದೇ ಬರೆದರು.

ಮುಂದಿನ ಪ್ರಸಂಗದಲ್ಲಿ ಹಳ್ಳಿಯವನೊಬ್ಬ ಪೇಟೆಯಿಂದ ಮರಳುವಾಗ ಸೇತುವೆಯ ಬಳಿ ಗುರುತಿಲ್ಲದ ಇಬ್ಬರು ಚಂದದ ಹುಡುಗಿಯರು ಎದುರಾಗುತ್ತಾರೆ, ಏನೋ ಯೋಚನೆಯಲ್ಲಿ ಮುಳುಗಿದ ಮುಖ. ಎಲ್ಲಿಂದ ಬಂದಿರಿ ಎಂದರೆ ಅಲ್ಲಿನ ಯಾಮಾಗುಚಿ ಎಂಬ ಹಳ್ಳಿಯ ಒಂದು ಸಿರಿವಂತ ಮನೆಯ ಹೆಸರು ಹೇಳುತ್ತಾರೆ. ಎಲ್ಲಿಗೆ ಎಂದರೆ ಬೇರೆ ಊರಿನ ಇನ್ನೊಂದು ಮನೆಯ ಹೆಸರು. ಆ ಸಿರಿವಂತರ ಕಾಲ ಮುಗಿಯಿತು ಎಂದು ಇವನಿಗೆ ಅಲ್ಲೇ ಹೊಳೆಯುತ್ತದೆ. ಹೆಚ್ಚು ದಿನ ಕಳೆಯುವ ಮೊದಲೇ ಆ ಮನೆಯ ಇಪ್ಪತ್ತಕ್ಕೂ ಹೆಚ್ಚು ಮಂದಿ ವಿಷದ ಅಣಬೆ ತಿಂದು ಒಂದೇ ದಿನ ಸಾಯುತ್ತಾರೆ. ಉಳಿದವಳು ಹೊರಗೆ ಆಡಲು ಹೋಗಿದ್ದ ಏಳು ವರ್ಷದ ಒಬ್ಬ ಹುಡುಗಿ. ಪಕ್ಕದ ಮನೆಯ ಅಜ್ಜಿ “ಓಡಿಸಬೇಡಿ” ಎಂದದ್ದು ಏಕೆಂದು ಈಗ ನಿಮಗೆ ತಿಳಿದಿರಬೇಕು. ಆ ಸೀಮೆಯಲ್ಲಿ ಭಯ ಇರುವುದು ಅದು ಮನೆಯಲ್ಲಿದೆ ಎಂಬುದಕ್ಕಲ್ಲ, ಬಿಟ್ಟು ಹೋದೀತು ಎಂಬುದಕ್ಕೆ. ಇವಾತೆಯ ಉತ್ತರ ತುದಿಯ ನಿನೋಹೆಯಲ್ಲಿ, ಕಿಂದಾಯಿಚಿ ಬಿಸಿನೀರ ಬುಗ್ಗೆಯ ಬಳಿ, ಜಾಶಿಕಿ ವರಾಶಿ ಇರುವ ಕೋಣೆಯೆಂದೇ ಹೆಸರಾದ ಒಂದು ಹಳೆಯ ತಂಗುಮನೆ ಇತ್ತು. ಜನ ಗೊಂಬೆಗಳನ್ನು ಹೊತ್ತು ತಂದು ಅಲ್ಲಿ ರಾತ್ರಿ ಕಳೆಯುತ್ತಿದ್ದರು. ಅದು 2009ರ ಅಕ್ಟೋಬರ್‌ನಲ್ಲಿ ಸುಟ್ಟುಹೋಯಿತು. 2016ರಲ್ಲಿ ಮತ್ತೆ ಕಟ್ಟಿದರು.

ಈ ನಂಬಿಕೆಯ ಕೆಳಗೆ ಒಂದು ಕತ್ತಲೆಯ ಪದರವಿದೆ. ಅದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳುವುದು ಸರಿಯಲ್ಲ. 1920ರಲ್ಲಿ ಜಾಶಿಕಿ ವರಾಶಿಯ ಬಗ್ಗೆಯೇ ಪುಸ್ತಕ ಬರೆದ ಕಿಜೆನ್, ಇವು ಹಸಿವಿನ ಕಾಲದಲ್ಲಿ ಸಾಕಲಾಗದೆ ಕೊಂದು ಮನೆಯೊಳಗೇ ಹೂತ ಕೂಸುಗಳ ಆತ್ಮಗಳಿರಬಹುದೇ ಎಂದು ಯೋಚಿಸಿದ್ದರು. ಅಂಥ ಕೂಸುಗಳನ್ನು ಸ್ಮಶಾನಕ್ಕೆ ಒಯ್ಯದೆ ಮಣ್ಣುನೆಲದ ಅಡುಗೆಮನೆಯಲ್ಲೋ ಹೊಸ್ತಿಲ ಆಸುಪಾಸಿನಲ್ಲೋ ಹೂಳುವ ರೂಢಿ ಈ ಸೀಮೆಯಲ್ಲಿತ್ತು. ಪೈರು ಒತ್ತಾಗಿ ಬೆಳೆದಾಗ ನಡುನಡುವೆ ಕಿತ್ತು ತೆಗೆಯುವ ರೈತರ ಪದವನ್ನೇ, ಮಾಬಿಕಿ, ಇದಕ್ಕೂ ಬಳಸುತ್ತಿದ್ದರು. 1780ರ ದಶಕದ ತೆನ್ಮೇ ಬರಗಾಲದಲ್ಲಿ ಮೊರಿಯೋಕಾ ಸಂಸ್ಥಾನದಲ್ಲಿ ಹತ್ತಾರು ಸಾವಿರ ಜನ ಸತ್ತರು. ನಿಮ್ಮ ಊರಿನಲ್ಲೇ ಒಂದು ಸಣ್ಣ ಉದ್ಯಾನದಲ್ಲಿ ಮನುಷ್ಯರಿಗಿಂತ ದೊಡ್ಡ 21 ಕಲ್ಲಿನ ವಿಗ್ರಹಗಳು ಹುಲ್ಲಿನ ನಡುವೆ ಕೂತಿವೆ: ಹದಿನಾರು ರಾಕಾನ್, ಐದು ಬುದ್ಧರು. ರಾಕಾನ್ ಎಂದರೆ ಬೌದ್ಧರ ಅರ್ಹಂತರು, ಬುದ್ಧನ ಜ್ಞಾನಿ ಶಿಷ್ಯರು. ಬರಗಾಲಗಳಲ್ಲಿ ಹಸಿದು ಸತ್ತವರಿಗಾಗಿ ಕಡೆಸಿದವು, 1849ರಲ್ಲಿ ಮುಗಿದವು. ಒಮ್ಮೆ ಹೋಗಿ ನೋಡಿ. ಮಕ್ಕಳನ್ನು ಕಳೆದುಕೊಂಡ ಮನೆಗಳು ಆ ಮಕ್ಕಳನ್ನು ಮನೆಯ ಅತ್ಯುತ್ತಮ ಕೋಣೆಯಲ್ಲಿ, ಭಾಗ್ಯ ತರುವ ದೈವವಾಗಿ ಕೂರಿಸಿಕೊಂಡವು ಎಂಬುದು ಈ ನಂಬಿಕೆಯನ್ನು ನಾನು ಅರ್ಥಮಾಡಿಕೊಂಡಿರುವ ಬಗೆ. ಎಲ್ಲ ವಿದ್ವಾಂಸರೂ ಇದನ್ನೇ ಮೂಲವೆಂದು ಒಪ್ಪುವುದಿಲ್ಲ. ಈ ಭಾಗವನ್ನು ಮಗಳಿಗೆ ಈಗ ಹೇಳಬೇಡಿ, ಅವಳು ದೊಡ್ಡವಳಾದ ಮೇಲೆ ತಿಳಿಯಲಿ.

ಹಾಗಾದರೆ ನಿಮ್ಮ ಮಗಳು ಮಾತನಾಡುತ್ತಿರುವುದು ಯಾರೊಂದಿಗೆ? ಮೂರರಿಂದ ಏಳೆಂಟು ವರ್ಷದ ಅನೇಕ ಮಕ್ಕಳು ಕಲ್ಪನೆಯ ಗೆಳೆಯರನ್ನು ಮಾಡಿಕೊಳ್ಳುತ್ತಾರೆ, ಅದು ಕಾಯಿಲೆಯಲ್ಲ. ನಿಮ್ಮ ಮಗಳ ದಿನವನ್ನು ನೆನೆದುಕೊಳ್ಳಿ. ಶಾಲೆಯಲ್ಲಿ ಗಂಟೆಗಟ್ಟಲೆ ಹೊಸ ಭಾಷೆ, ಒಂದೊಂದು ಮಾತಿಗೂ ತಡಕಾಟ. ಮನೆಗೆ ಬಂದು ಆ ಒಳಕೋಣೆಯ ಚಾಪೆಯ ಮೇಲೆ ಕೂತರೆ ಕೊನೆಗೂ ಒಬ್ಬಳು ಅವಳ ಮಾತನ್ನು ಪೂರ್ತಿ ಅರ್ಥಮಾಡಿಕೊಳ್ಳುತ್ತಾಳೆ. ಅವರಿಬ್ಬರೂ ಯಾವ ಭಾಷೆಯಲ್ಲಿ ಆಡುತ್ತಾರೆಂದು ಒಮ್ಮೆ ಬಾಗಿಲಾಚೆ ನಿಂತು ಕೇಳಿ. ಕನ್ನಡವಾಗಿದ್ದರೆ ಅವಳಿಗೆ ಊರಿನ ನೆನಪು ಕಾಡುತ್ತಿದೆ. ಜಪಾನಿಯಾಗಿದ್ದರೆ ತರಗತಿಯಲ್ಲಿ ಬಾಯಿ ಬಿಡುವ ಮೊದಲು ಅಭ್ಯಾಸ ಮಾಡುತ್ತಿದ್ದಾಳೆ. ಕೆಂಪು ಬಟ್ಟೆ ಎಲ್ಲಿಂದ ಬಂತೆಂಬುದೂ ಒಗಟೇನಲ್ಲ, ಹನಾಕೋಳ ಲಂಗದ ಬಣ್ಣ ಅದೇ. ಹೆದರಿಸುವ ಹುಡುಗಿಯನ್ನು ಮನೆಗೆ ಕರೆತಂದು ಗೆಳತಿ ಮಾಡಿಕೊಂಡಿದ್ದರೆ ನಿಮ್ಮ ಮಗಳು ಜಾಣೆ. ಆ ಗೆಳತಿ ನೋವು ಮಾಡಲು ಹೇಳುತ್ತಾಳೆಂದರೆ, ಮಗು ನಿದ್ದೆಗೆಟ್ಟರೆ, ನಿಜವಾದ ಮಕ್ಕಳೊಂದಿಗೆ ಆಡುವುದನ್ನೇ ಬಿಟ್ಟರೆ ಮಾತ್ರ ಮಕ್ಕಳ ಮನೋವೈದ್ಯರನ್ನು ಕಾಣಬೇಕು. ನೀವು ಬರೆದುದರಲ್ಲಿ ಅಂಥ ಲಕ್ಷಣ ಕಾಣಲಿಲ್ಲ.

ಎದೆಯ ಮೇಲೆ ಯಾರೋ ಕುಳಿತ ಅನುಭವಕ್ಕೆ ಜಪಾನಿಯಲ್ಲಿ ಕನಾಶಿಬಾರಿ ಎಂಬ ನಿತ್ಯದ ಪದವೇ ಇದೆ, ಲೋಹದಿಂದ ಬಿಗಿದು ಕಟ್ಟುವುದು ಎಂದರ್ಥ. ಕನಸು ಬೀಳುವ ಹಂತದ ನಿದ್ದೆಯಲ್ಲಿ ಮೆದುಳು ಸ್ನಾಯುಗಳನ್ನು ಸಡಿಲಬಿಟ್ಟಿರುತ್ತದೆ, ಕನಸಿನಲ್ಲಿ ಓಡಿದರೆ ಕಾಲೂ ಓಡಬಾರದಲ್ಲ. ಆ ತಡೆ ತೆರೆಯುವ ಮೊದಲೇ ಎಚ್ಚರವಾದರೆ ಕಣ್ಣು ತೆರೆದಿರುತ್ತದೆ, ದೇಹ ಏಳುವುದಿಲ್ಲ, ಕನಸಿನ ಚೂರು ಕೋಣೆಯೊಳಗೆ ಸೇರಿಕೊಳ್ಳುತ್ತದೆ. 1980ರ ದಶಕದಲ್ಲಿ ಜಪಾನಿನ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿ ನೋಡಿದಾಗ ನೂರಕ್ಕೆ ನಲವತ್ತರ ಆಸುಪಾಸಿನ ಮಂದಿ ಒಮ್ಮೆಯಾದರೂ ಅನುಭವಿಸಿದ್ದೇವೆ ಎಂದಿದ್ದರು. ನಿದ್ದೆಗೇಡು, ಚಿಂತೆ, ಅಂಗಾತ ಮಲಗುವುದು ಇದನ್ನು ಹೆಚ್ಚಿಸುತ್ತವೆ. ಅತ್ತೆಯವರ ಫೋನು ಬಂದ ರಾತ್ರಿಯೇ ನಿಮಗೆ ಹೀಗಾಗಿದ್ದರೆ ನನಗೆ ಅಚ್ಚರಿಯಿಲ್ಲ. ಮಗ್ಗುಲಾಗಿ ಮಲಗಿ. ಮತ್ತೆ ಬಂದರೆ ಇಡೀ ದೇಹವನ್ನು ಎಳೆದಾಡದೆ ಒಂದು ಬೆರಳನ್ನು ಮಾತ್ರ ಅಲುಗಿಸಲು ನೋಡಿ. ಪದೇ ಪದೇ ಬರುತ್ತಿದ್ದು, ಹಗಲೂ ತಡೆಯಲಾಗದ ನಿದ್ದೆ ಬರುತ್ತಿದ್ದರೆ ವೈದ್ಯರಿಗೆ ತೋರಿಸಿ.

ಛಾವಣಿಯ ಸದ್ದಿಗೂ ಹೆಸರಿದೆ: ಯಾನಾರಿ, ಮನೆಯ ಮೊರೆತ. 1776ರಲ್ಲಿ ತೊರಿಯಾಮಾ ಸೆಕಿಯೆನ್ ತಮ್ಮ ಚಿತ್ರಸಂಪುಟದಲ್ಲಿ ಪುಟ್ಟ ಪುಟ್ಟ ರಾಕ್ಷಸರು ಮನೆಯನ್ನು ಹಿಡಿದು ಅಲುಗಿಸುವಂತೆ ಇದನ್ನು ಬರೆದರು. ಮೊರಿಯೋಕಾದ ಚಳಿಯಲ್ಲಿ ಹಗಲು ಒಲೆಯ ಕಾವಿಗೆ ಹಿಗ್ಗಿದ ತೊಲೆ ರಾತ್ರಿ ಕುಗ್ಗುವಾಗ ಸಿಡಿದಂತೆ ಸದ್ದು ಮಾಡುತ್ತದೆ. ಹಿಮದ ಭಾರಕ್ಕೂ ಮರ ನರಳುತ್ತದೆ. ಸದ್ದು ಓಡಾಡಿದಂತಿದ್ದರೆ ಅಟ್ಟದಲ್ಲಿ ಹಕುಬಿಶಿನ್ ಸೇರಿರಬಹುದು, ನಮ್ಮ ಪುನುಗಿನ ಬೆಕ್ಕಿನ ಕುಲದ ಪ್ರಾಣಿ. ಅದನ್ನು ನೀವೇ ಹಿಡಿಯಲು ಹೋಗಬೇಡಿ, ಮನೆ ಮಾಲೀಕರಿಗೆ ತಿಳಿಸಿ.

ಆದರೆ ಹಳೆಯ ಮನೆಯಲ್ಲಿ ನಾನು ನಿಜವಾಗಿ ಹೆದರುವ ವಸ್ತು ಬೇರೊಂದಿದೆ: ಸೀಮೆಎಣ್ಣೆಯ ಹೀಟರ್. ಹೊಗೆಕೊಳವೆ ಇಲ್ಲದ ಹೀಟರನ್ನು ಬಾಗಿಲು ಬಿಗಿದ ಕೋಣೆಯಲ್ಲಿ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಎದೆ ಭಾರ, ಕಾರಣವಿಲ್ಲದ ದಿಗಿಲು, ಇಲ್ಲದ್ದು ಕಂಡಂತೆ ಆಗುವುದು, ಇವೆಲ್ಲ ಅದರಿಂದ ಆಗಬಹುದು. ದೆವ್ವದ ಮನೆ ಎನ್ನಿಸಿಕೊಂಡ ಮನೆಗಳಲ್ಲಿ ಕೊನೆಗೆ ಇದೇ ಕಾರಣ ಸಿಕ್ಕ ಉದಾಹರಣೆಗಳಿವೆ. ಹೀಟರ್ ಹಚ್ಚಿಕೊಂಡು ಮಲಗಲೇಬೇಡಿ. ಗಂಟೆಗೆ ಒಂದೆರಡು ಸಲ ಕಿಟಕಿ ತೆರೆಯಿರಿ. ಕೊಳವೆ ಇರುವ ಹೀಟರಾದರೆ ಹೊರಗಿನ ಬಾಯಿಗೆ ಹಿಮ ಕಟ್ಟದಂತೆ ನೋಡಿಕೊಳ್ಳಿ. ಈ ಅನಿಲವನ್ನು ಪತ್ತೆಹಚ್ಚಿ ಸದ್ದು ಮಾಡುವ ಒಂದು ಎಚ್ಚರಿಕೆ ಗಂಟೆಯನ್ನು ಇವತ್ತೇ ಕೊಂಡು ತನ್ನಿ. ಯಾವ ಹೋಮಕ್ಕಿಂತಲೂ ಮೊದಲು ಅದು.

ಬಾಡಿಗೆ ಕಡಿಮೆ ಇರುವುದಕ್ಕೆ ದೆವ್ವ ಬೇಕಿಲ್ಲ. 2023ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಜಪಾನಿನಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ ಬಿದ್ದಿವೆ. ನಿಮ್ಮ ಸಂಶಯ ಮಾತ್ರ ಆಧಾರವಿಲ್ಲದ್ದಲ್ಲ. ಸಾವು ಸಂಭವಿಸಿದ ಮನೆಗೆ ಅಲ್ಲಿ ಜಿಕೋ ಬುಕ್ಕೆನ್ ಎಂಬ ಹೆಸರಿದೆ, ಬಾಡಿಗೆ ಇಳಿಯುವುದೂ ನಿಜ. 2021ರ ಅಕ್ಟೋಬರ್‌ನಲ್ಲಿ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಂತೆ ಸಹಜ ಸಾವನ್ನು ಬಾಡಿಗೆದಾರರಿಗೆ ಹೇಳಬೇಕಾಗಿಲ್ಲ. ಆತ್ಮಹತ್ಯೆ, ಕೊಲೆಯಂಥವನ್ನು ಸುಮಾರು ಮೂರು ವರ್ಷದವರೆಗೆ ಹೇಳಬೇಕು. ಆದರೆ ನೀವಾಗಿ ಕೇಳಿದರೆ, ಎಷ್ಟೇ ವರ್ಷ ಕಳೆದಿರಲಿ, ತಮಗೆ ಗೊತ್ತಿರುವುದನ್ನು ದಲ್ಲಾಳಿ ಸಂಸ್ಥೆಯವರು ಹೇಳಬೇಕು. ಆದ್ದರಿಂದ ಬರಹದಲ್ಲಿ ಕೇಳಿ. ಗೊತ್ತಿಲ್ಲದ ಭಯ ಗೊತ್ತಿರುವುದಕ್ಕಿಂತ ದೊಡ್ಡದಾಗಿ ಬೆಳೆಯುತ್ತದೆ.

ಈಗ ಅತ್ತೆಯವರ ಸಲಹೆಗಳು. ಮನೆ ಬಿಡುವುದು ನಿಮ್ಮ ಹಕ್ಕು. ಆದರೆ ನಡು ಚಳಿಗಾಲದಲ್ಲಿ ಮನೆ ಬದಲಿಸಿದರೆ ಮುಂಗಡ ಹಣ, ಸಾಗಣೆ, ಬಹುಶಃ ಶಾಲೆಯ ಬದಲಾವಣೆ. ಈಗಷ್ಟೇ ಬೇರು ಬಿಡುತ್ತಿರುವ ಮಗುವನ್ನು ಮತ್ತೆ ಕಿತ್ತಂತೆ. ಹೋಮಕ್ಕೆ ನನ್ನ ಅಡ್ಡಿ ನಂಬಿಕೆಯ ಕಾರಣಕ್ಕಲ್ಲ. ಹುಲ್ಲಿನ ಚಾಪೆ, ಕಾಗದದ ಬಾಗಿಲು, ಒಣಮರದ ಬಾಡಿಗೆ ಮನೆಯಲ್ಲಿ ಬೆಂಕಿ ಹಾಕುವುದು ಅಪಾಯ, ಕರಾರಿಗೂ ವಿರುದ್ಧವಾದೀತು. ಅದಕ್ಕಿಂತ ಮುಖ್ಯ, ಮಗಳ ಕಣ್ಣೆದುರು ನೀವು ಅವಳ ಗೆಳತಿಯನ್ನು ಓಡಿಸುವ ವಿಧಿ ಮಾಡಿದರೆ ಎರಡು ಪಾಠ ಅವಳಿಗೆ ತಲುಪುತ್ತವೆ: ಅಮ್ಮನಿಗೂ ಭಯವಿದೆ, ಮನಸ್ಸಿನದನ್ನು ಅಮ್ಮನಿಗೆ ಹೇಳಬಾರದು. ಎರಡನೆಯದನ್ನು ತಿದ್ದಲು ವರ್ಷಗಳು ಬೇಕಾಗುತ್ತವೆ. ಸ್ಥಳೀಯ ಶಿಂತೋ ಪುರೋಹಿತರಿಂದ ಮನೆಶುದ್ಧಿ ಮಾಡಿಸಬಹುದು, ಅದು ಅಲ್ಲಿ ಸಾಮಾನ್ಯ. ಆದರೆ “ದೊಡ್ಡ ದೋಷವಿದೆ, ಇಷ್ಟು ಲಕ್ಷ ಯೆನ್ ಕೊಡಿ, ಈ ಕಲಶ ಕೊಳ್ಳಿ” ಎನ್ನುವವರು ಬಂದರೆ ಬಾಗಿಲು ಹಾಕಿ, ಗ್ರಾಹಕ ಸಹಾಯವಾಣಿ 188ಕ್ಕೆ ಕರೆ ಮಾಡಿ. ಊರಿನಿಂದ ಮೊಬೈಲಿನಲ್ಲೇ ದೋಷ ಕಂಡುಹಿಡಿಯುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಅತ್ತೆಯವರ ಸಂಕಟ ಮೊಮ್ಮಗಳ ಮೇಲಿನ ಪ್ರೀತಿಯದು, ಅವರಿಗೆ ಏನಾದರೂ ಮಾಡಲು ಕೊಡಿ. ಪ್ರತಿದಿನ ಸಂಜೆ ನೀವು ದೇವರ ಮುಂದೆ ಸಣ್ಣ ದೀಪ ಹಚ್ಚುವಾಗ ವಿಡಿಯೋ ಕರೆಯಲ್ಲಿ ಅವರೂ ಒಂದು ಹಾಡು ಹೇಳಲಿ. ಜಪಾನಿನಲ್ಲಿ ಬೆನ್‌ಜಾಯಿತೆನ್ ಎಂದು ಪೂಜೆಗೊಳ್ಳುವವಳು ನಮ್ಮ ಸರಸ್ವತಿ, ಎನ್ಮಾ ನಮ್ಮ ಯಮ ಎಂದು ಹೇಳಿ. ಮೊಮ್ಮಗಳು ದಿಕ್ಕಿಲ್ಲದ ದೇಶದಲ್ಲಿಲ್ಲ ಎಂದು ಅವರಿಗೆ ಅನ್ನಿಸಲಿ.

ನಿಮ್ಮ ಪತಿಗೂ ಒಂದು ಮಾತು. ಇನೌಯೆ ಎನ್ರ್ಯೋ ಎಂಬ ದಾರ್ಶನಿಕರು ಮೂಢನಂಬಿಕೆಗಳನ್ನು ಬಯಲು ಮಾಡಲೆಂದೇ ಬದುಕು ಸವೆಸಿದವರು, ಇಂದಿನ ತೋಯೋ ವಿಶ್ವವಿದ್ಯಾಲಯದ ಮೂಲಸಂಸ್ಥೆಯನ್ನು 1887ರಲ್ಲಿ ಕಟ್ಟಿದವರು. ಅವರು ಊರೂರು ಸುತ್ತಿ ಜನ ಕಂಡದ್ದನ್ನು, ಕೇಳಿದ್ದನ್ನು ಬರೆದುಕೊಂಡರು, ಒಂದೊಂದಕ್ಕೂ ಕಾರಣ ಹುಡುಕಿದರು. ಮೊದಲು ಪೂರ್ತಿ ಕೇಳಿಸಿಕೊಂಡರು. ನಿಮ್ಮ ಪತಿಯೂ ಒಂದು ಸಂಜೆ ಆ ಒಳಕೋಣೆಯಲ್ಲಿ ಮಗಳ ಪಕ್ಕ ಕೂರಲಿ, ಕೆಂಪು ಬಟ್ಟೆಯವಳ ಹೆಸರೇನೆಂದು ಕೇಳಲಿ.

ರಜೆಯ ದಿನ ಮೂವರೂ ಮಿತ್ಸುಇಶಿ ದೇವಾಲಯಕ್ಕೆ ಹೋಗಿ ಬನ್ನಿ, ನಿಮ್ಮ ಊರಿನಲ್ಲೇ ಇದೆ. ಹಗ್ಗ ಸುತ್ತಿದ ಮೂರು ದೊಡ್ಡ ಬಂಡೆಗಳಿವೆ. ಹಿಂದೆ ಒಬ್ಬ ರಾಕ್ಷಸ ಊರನ್ನು ಕಾಡುತ್ತಿದ್ದ, ಬಂಡೆಯ ದೈವ ಅವನನ್ನು ಹಿಡಿದು ಕಟ್ಟಿತು, ಇನ್ನೆಂದೂ ಬರುವುದಿಲ್ಲ ಎಂದು ಬಂಡೆಯ ಮೇಲೆ ಕೈಯೊತ್ತಿಸಿಕೊಂಡು ಬಿಟ್ಟಿತು ಎಂಬುದು ಕತೆ. ಇವಾತೆ ಎಂದರೆ ಬಂಡೆ, ಕೈ. ಮೊರಿಯೋಕಾದ ಹಳೆಯ ಹೆಸರು ಕೊಜುಕಾತಾ, ಅವನು ಬಾರದ ದಿಕ್ಕು. ಆ ರಾಕ್ಷಸನ ಹೆಸರು ರಾಸೆತ್ಸು, ಅದು ಸಂಸ್ಕೃತದ ರಾಕ್ಷಸ ಪದವೇ ಚೀನಾ ದಾಟಿ ಬಂದ ರೂಪ. ಅವನು ಹೋದ ಸಂತೋಷಕ್ಕೆ ಜನ ಕುಣಿದದ್ದೇ ಈಗ ಆಗಸ್ಟ್ ಮೊದಲ ವಾರದ ಸಾನ್ಸಾ ಕುಣಿತವಾಯಿತು ಎನ್ನುತ್ತಾರೆ. ನಮ್ಮ ಕಡೆ ಬಾಗಿಲ ಮೇಲೆ “ನಾಳೆ ಬಾ” ಎಂದು ಬರೆದು ಬಂದದ್ದನ್ನು ಹಿಂದಕ್ಕೆ ಕಳಿಸಿದ್ದನ್ನು ನೀವೂ ಕೇಳಿರುತ್ತೀರಿ, ಅದನ್ನು ಅಲ್ಲೇ ಮಗಳಿಗೆ ಹೇಳಿ. ಮುಂದಿನ ಸಲ ತರಗತಿಯಲ್ಲಿ ಹನಾಕೋ ಸುದ್ದಿ ಬಂದಾಗ ಅವಳ ಬಳಿಯೂ ಹೇಳಲು ಎರಡು ಕತೆಗಳಿರುತ್ತವೆ.

ಕೊನೆಯದಾಗಿ ಪಕ್ಕದ ಮನೆಯ ಅಜ್ಜಿ. ಆ ಸೀಮೆಯಲ್ಲಿ ಜಾಶಿಕಿ ವರಾಶಿಗೆ ಅಜುಕಿ ಎಂಬ ಸಣ್ಣ ಕೆಂಪು ಕಾಳು ಹಾಕಿ ಮಾಡಿದ ಅನ್ನ ಇಷ್ಟವೆಂದು ಒಳಕೋಣೆಯಲ್ಲಿ ಒಂದು ಬಟ್ಟಲು ಇಡುತ್ತಿದ್ದರು. ಅದನ್ನು ಹೇಗೆ ಮಾಡುವುದೆಂದು ಅವರನ್ನೇ ಕೇಳಿ, ಅವರ ಅಡುಗೆಮನೆಯಲ್ಲಿ ನಿಂತು ಕಲಿಯಿರಿ, ಮಗಳೂ ಜೊತೆಗಿರಲಿ. ಕಾಳು ಬೇಯುವಾಗ ನಿಮ್ಮ ಮನೆಯಲ್ಲಿ ಹಿಂದೆ ಯಾರು ಇದ್ದರು, ಆ ಕೋಣೆಯಲ್ಲಿ ಎಷ್ಟು ಮಕ್ಕಳು ಬೆಳೆದರು ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಅಂಥ ಅಜ್ಜಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನನಗೂ ಒಂದು ಪ್ರತಿ ಕಳಿಸಿ.